ಬ್ರಿಟನಿ: ಓಡುತ್ತಲೇ ನಿಂತುಬಿಡುವ ಫ್ರೆಂಚ್ ನಾಯಿ, ನಮ್ಮ ಕಲಬುರಗಿಯ ಬಿಸಿಲು

ನಾಯಿಗಳ ವಿಡಿಯೊ ನೋಡುವ ಚಟ ಇರುವವರ ಕಣ್ಣಿಗೆ ಇದು ಬಿದ್ದೇ ಇರುತ್ತದೆ. ಬಿಳಿ ಮೈ, ಮೇಲೆ ಕಿತ್ತಳೆ ಬಣ್ಣದ ದೊಡ್ಡ ಮಚ್ಚೆಗಳು, ಮೋಟು ಬಾಲ. ಹುಲ್ಲಿನಲ್ಲಿ ಜೋರಾಗಿ ಓಡುತ್ತಿರುತ್ತದೆ, ಥಟ್ಟನೆ ನಿಂತುಬಿಡುತ್ತದೆ. ಒಂದು ಕಾಲು ಮೇಲೆತ್ತಿ, ಮೂಗು ಮುಂದೆ ಚಾಚಿ, ಅಲುಗಾಡದೆ. ಇದರ ಹೆಸರು ಬ್ರಿಟನಿ. ಫ್ರಾನ್ಸಿನಲ್ಲಿ ಎಪಾನ್ಯೋಲ್ ಬ್ರೆಟಾನ್ ಎನ್ನುತ್ತಾರೆ.

"ನಮ್ಮ ಕಲಬುರಗಿ ಬಿಸಿಲಿಗಿ ತಡೀತದೇನ್ರಿ ಇದು?" ನಾಯಿ ಶೌಕಿನವರು ಮೊದಲು ಕೇಳುವುದು ಇದನ್ನೇ. ಆಮೇಲೆ ರೇಟು ಎಷ್ಟು ಅಂತ. ನನ್ನನ್ನು ಕೇಳಿದರೆ ಇವೆರಡಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ದಿನಾ ಇದಕ್ಕೆ ಏನು ಕೆಲಸ ಕೊಡುತ್ತೀರಿ? ಇದರ ಎತ್ತರ, ಕೂದಲು, ಸ್ವಭಾವ ಎಲ್ಲವೂ ಒಂದೇ ಕೆಲಸಕ್ಕಾಗಿ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ಆ ಕೆಲಸ ಅರ್ಥವಾದರೆ ನಾಯಿ ಅರ್ಥವಾಗುತ್ತದೆ. ಬಿಸಿಲಿನ ಲೆಕ್ಕವೂ ಅಲ್ಲೇ ಸಿಗುತ್ತದೆ.

ಹುಟ್ಟಿದ ಸೀಮೆ, ಮೈಕಟ್ಟು

ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ ಅಟ್ಲಾಂಟಿಕ್ ಕಡೆಗೆ ಚಾಚಿಕೊಂಡ ಸೀಮೆ ಬ್ರಿಟನಿ. ಮೂರು ಕಡೆ ಸಮುದ್ರ, ಆಗಾಗ ಜಿಟಿಜಿಟಿ ಮಳೆ. ಬೇಸಿಗೆಯ ಮಧ್ಯಾಹ್ನವೂ ಸಾಮಾನ್ಯವಾಗಿ 25 ಡಿಗ್ರಿ ಆಸುಪಾಸು. ಅಲ್ಲಿನ ಹಳೇ ಕಾಲದ ಹೊಲಗಳು ನಮ್ಮ ಎರೆ ಹೊಲಗಳ ಹಾಗೆ ಕಣ್ಣು ಹಾಯುವ ತನಕ ಬಯಲಲ್ಲ. ಚಿಕ್ಕ ಚಿಕ್ಕ ತುಂಡುಗಳು, ಸುತ್ತ ಮಣ್ಣಿನ ಬದು, ಬದುವಿನ ಮೇಲೆ ಮುಳ್ಳುಪೊದೆ. ಆ ಪೊದೆಗಳೊಳಗೆ ನುಗ್ಗಿ ಹಕ್ಕಿ ಹುಡುಕಬೇಕಾದರೆ ನಾಯಿ ಗಿಡ್ಡ ಇರಬೇಕು, ಗಟ್ಟಿ ಇರಬೇಕು, ಕೂದಲು ಮುಳ್ಳಿಗೆ ಸಿಕ್ಕಿಕೊಳ್ಳಬಾರದು. ಬ್ರಿಟನಿ ಆಗಿರುವುದು ಹಾಗೇ.

ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಪಟ್ಟಿಯಲ್ಲಿ ಇದರ ಮಾನದಂಡದ ಸಂಖ್ಯೆ 95. ಅದರ ಪ್ರಕಾರ ಗಂಡಿನ ಎತ್ತರ ಭುಜದ ಹತ್ತಿರ 48ರಿಂದ 51 ಸೆಂಟಿಮೀಟರ್, ಹೆಣ್ಣಿನದು ಒಂದು ಸೆಂಟಿಮೀಟರ್ ಕಡಿಮೆ. ತೂಕ ಸುಮಾರು 14ರಿಂದ 18 ಕಿಲೊ. ಮೈಯ ಉದ್ದ ಹೆಚ್ಚುಕಡಿಮೆ ಎತ್ತರದಷ್ಟೇ, ಹಾಗಾಗಿ ಪಕ್ಕದಿಂದ ನೋಡಿದರೆ ಚೌಕ ಚೌಕ. ಕಿವಿ ಗಿಡ್ಡ, ತ್ರಿಕೋನ, ತಲೆಯ ಮೇಲುಭಾಗದಿಂದ ಇಳಿಬಿದ್ದಿರುತ್ತದೆ. ಕೂದಲು ನುಣುಪು, ಕೆಲವಕ್ಕೆ ಸ್ವಲ್ಪ ಅಲೆಅಲೆ. ಕಾಲಿನ ಹಿಂದೆ ಮಾತ್ರ ತುಸು ಜಾಲರಿ. ಬಿಳಿ-ಕಿತ್ತಳೆ ಹೆಚ್ಚು ಕಾಣುತ್ತದೆ. ಬಿಳಿ-ಕಂದು ಇದೆ, ಮೂರು ಬಣ್ಣದ್ದೂ ಇದೆ. ಬಿಳಿ-ಕಪ್ಪನ್ನು ಫ್ರಾನ್ಸಿನವರು ಒಪ್ಪುತ್ತಾರೆ, ಅಮೆರಿಕದ ಕೆನಲ್ ಕ್ಲಬ್ ಒಪ್ಪುವುದಿಲ್ಲ. ಶೋಗೆ ಒಯ್ಯದವರಿಗೆ ಈ ಬಣ್ಣದ ಜಗಳದಿಂದ ಏನೂ ಆಗಬೇಕಾದ್ದಿಲ್ಲ.

ಬಾಲದ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಈ ತಳಿಯ ಕೆಲವು ಮರಿಗಳು ಹುಟ್ಟುವಾಗಲೇ ಮೋಟು ಬಾಲದವು, ಕೆಲವಕ್ಕೆ ಬಾಲವೇ ಇರುವುದಿಲ್ಲ. ಟಿ ಎಂಬ ಒಂದು ಜೀನ್‌ನಲ್ಲಾದ ಬದಲಾವಣೆ ಇದಕ್ಕೆ ಕಾರಣ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಆ ಜೀನ್ ಬಂದರೆ ಬಾಲ ಮೋಟಾಗುತ್ತದೆ. ಇಬ್ಬರಿಂದಲೂ ಬಂದರೆ ಆ ಮರಿ ಹುಟ್ಟುವ ಮೊದಲೇ ಸಾಯುತ್ತದೆ. ಅಂದರೆ ಎರಡು ಹುಟ್ಟುಮೋಟು ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಭ್ರೂಣ ಹೋಗುತ್ತದೆ. ಹೀಗಾಗಿ ಒಂದೇ ಸೂಲಿನಲ್ಲಿ ಉದ್ದ ಬಾಲದವೂ, ಮೋಟು ಬಾಲದವೂ ಇರುವುದು ಸಹಜ. ಉದ್ದ ಬಾಲದ ಮರಿಯನ್ನು "ಜಾತಿ ಅಲ್ಲ" ಅಂತ ತಳ್ಳಿಹಾಕಬೇಡಿ. ಚಂದ ಕಾಣಲಿ ಅಂತ ಬಾಲ ಕತ್ತರಿಸಲೂ ಹೋಗಬೇಡಿ.

ತಳಿಯ ಕಾಗದಪತ್ರದ ಇತಿಹಾಸ ಚಿಕ್ಕದು. ಬ್ರಿಟನಿಯ ಲೂದೆಯಾಕ್ ಎಂಬ ಊರಿನಲ್ಲಿ 1907ರಲ್ಲಿ ತಳಿಯ ಕ್ಲಬ್ ಕಟ್ಟಿದರು. ಅಮೆರಿಕದ ಕೆನಲ್ ಕ್ಲಬ್ 1934ರಲ್ಲಿ ಮಾನ್ಯತೆ ಕೊಟ್ಟಿತು. ಅದಕ್ಕೂ ಮೊದಲು, ಹತ್ತೊಂಬತ್ತನೆಯ ಶತಮಾನದಲ್ಲಿ, ಹಕ್ಕಿ ಬೇಟೆಗೆ ಅಲ್ಲಿಗೆ ಬರುತ್ತಿದ್ದ ಇಂಗ್ಲಿಷರ ಸೆಟ್ಟರ್ ನಾಯಿಗಳು ಊರಿನ ರೈತರ ನಾಯಿಗಳ ಜೊತೆ ಬೆರೆತವು. ಬಡ ರೈತ ಹಕ್ಕಿ ಹುಡುಕಲು ಒಂದು, ಬಿದ್ದದ್ದನ್ನು ತರಲು ಇನ್ನೊಂದು ಅಂತ ಎರಡು ನಾಯಿ ಸಾಕಲಾರ. ಎಲ್ಲವನ್ನೂ ಒಂದೇ ಮಾಡಬೇಕು, ಮೇಲಾಗಿ ಕಡಿಮೆ ತಿನ್ನಬೇಕು. ಕಳ್ಳಬೇಟೆಯವರಿಗೂ ಈ ನಾಯಿ ಭಾಳ ಇಷ್ಟವಾಗಿತ್ತು ಎನ್ನುತ್ತಾರೆ.

ಅದು ನಿಲ್ಲುವುದು ಯಾಕೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಾಯಿಗೆ ಹಕ್ಕಿ ಸಿಕ್ಕರೆ ಹಾರಿ ಹಿಡಿಯಬೇಕು. ಇದು ನಿಲ್ಲುತ್ತದೆ. ಕಲಿಸಿದ್ದಕ್ಕೆ ನಿಲ್ಲುತ್ತದೆಯೇ? ಅಲ್ಲ. ಎರಡು ತಿಂಗಳ ಮರಿಯ ಮುಂದೆ ಕೋಲಿಗೆ ದಾರ ಕಟ್ಟಿ, ದಾರದ ತುದಿಗೆ ಹಕ್ಕಿಯ ರೆಕ್ಕೆ ಕಟ್ಟಿ ಆಡಿಸಿದರೆ, ಯಾರೂ ಏನೂ ಹೇಳಿಕೊಡದಿದ್ದರೂ ಎಷ್ಟೋ ಮರಿಗಳು ಕಾಲೆತ್ತಿ ನಿಂತುಬಿಡುತ್ತವೆ.

ಬೇಟೆಯಾಡುವ ಪ್ರಾಣಿಯ ನಡೆ ಒಂದು ಸರಪಳಿ. ಹುಡುಕುವುದು, ಗುರುತಿಸುವುದು, ಸದ್ದಿಲ್ಲದೆ ಹತ್ತಿರ ಹೋಗುವುದು, ನೆಗೆಯುವ ಮೊದಲು ಒಂದು ಕ್ಷಣ ತಡೆದು ನಿಲ್ಲುವುದು, ಅಟ್ಟಿಸಿಕೊಂಡು ಹೋಗುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು. ತೋಳಕ್ಕೆ ಇದೆಲ್ಲ ಪೂರ್ತಿ ಇದೆ. ಮನುಷ್ಯ ಮಾಡಿದ್ದೇನೆಂದರೆ, ಬೇರೆ ಬೇರೆ ತಳಿಯಲ್ಲಿ ಬೇರೆ ಬೇರೆ ಕೊಂಡಿಯನ್ನು ಹಿಗ್ಗಿಸಿದ, ಉಳಿದದ್ದನ್ನು ಕುಗ್ಗಿಸಿದ. ಹೀಗೆ ನಿಂತು ಹಕ್ಕಿ ಇರುವ ಜಾಗ ತೋರಿಸುವ ಪಾಯಿಂಟಿಂಗ್ ನಾಯಿಗಳಲ್ಲಿ ಆ "ತಡೆದು ನಿಲ್ಲುವ" ಕ್ಷಣ ನಿಮಿಷಗಟ್ಟಲೆ ಹಿಗ್ಗಿದೆ. ಕೊಲ್ಲುವ ಆಸೆ ಕುಗ್ಗಿದೆ. ಬಾಯಿಯೂ ಮೆದು: ಬಿದ್ದ ಹಕ್ಕಿಯನ್ನು ಜಜ್ಜದೆ ತಂದುಕೊಡಬೇಕಲ್ವಾ?

ನಿಂತರೆ ಬೇಟೆಗಾರನಿಗೆ ಏನು ಲಾಭ? ಇದಕ್ಕೆ ಹಕ್ಕಿಯ ಕಡೆಯಿಂದ ನೋಡಬೇಕು. ನಮ್ಮ ಹೊಲದ ಬದುವಿನಲ್ಲಿ ಗೌಜುಗ, ಲಾವಕ್ಕಿ ನೋಡಿದವರಿಗೆ ಗೊತ್ತು. ಅಪಾಯ ಕಂಡ ಕೂಡಲೇ ಅವು ಹಾರುವುದಿಲ್ಲ. ಮೈಬಣ್ಣ ನಂಬಿ ನೆಲಕ್ಕೆ ಅಂಟಿ ಕೂಡುತ್ತವೆ. ಕಾಲಡಿಗೆ ಬಂದಾಗಲೇ ಭರ್ರನೆ ಏಳುತ್ತವೆ. ಯುರೋಪಿನ ಗೌಜುಗಗಳದ್ದೂ ಇದೇ ಬುದ್ಧಿ. ನಾಯಿ ತೀರಾ ಹತ್ತಿರ ಹೋಗದೆ, ಸ್ವಲ್ಪ ದೂರದಲ್ಲೇ ನಿಂತರೆ ಹಕ್ಕಿ ಅಡಗಿ ಕೂತೇ ಇರುತ್ತದೆ. ಹಕ್ಕಿ ಏಳುವುದಿಲ್ಲ, ನಾಯಿ ನುಗ್ಗುವುದಿಲ್ಲ. ಅಷ್ಟರಲ್ಲಿ ಮನುಷ್ಯ ನಡೆದು ಬರುತ್ತಾನೆ. ಬಂದೂಕು ಬರುವ ಮೊದಲೂ ಈ ಉಪಾಯ ನಡೆಯುತ್ತಿತ್ತು. ಆಗ ನಾಯಿ ನೆಲಕ್ಕೆ ಮಲಗುತ್ತಿತ್ತು, ಬೇಟೆಗಾರರು ದೊಡ್ಡ ಬಲೆಯನ್ನು ನಾಯಿ-ಹಕ್ಕಿ ಎರಡರ ಮೇಲೂ ಎಳೆಯುತ್ತಿದ್ದರು.

ಇದೆಲ್ಲ ನಡೆಯುವುದು ಕಣ್ಣಿನಿಂದಲ್ಲ, ಮೂಗಿನಿಂದ. ಸಂಜೆ ಓಣಿಯಲ್ಲಿ ನಡೆಯುವಾಗ ಯಾರ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಬಿದ್ದಿದೆ ಅಂತ ಗಾಳಿ ಬಂದ ದಿಕ್ಕಿನಿಂದ ಹೇಳುತ್ತೇವಲ್ಲ, ಬ್ರಿಟನಿ ಅದನ್ನೇ ಓಡುತ್ತಾ ಮಾಡುತ್ತದೆ. ಗಾಳಿಗೆ ಎದುರಾಗಿ, ಹೊಲದ ಆ ಅಂಚಿನಿಂದ ಈ ಅಂಚಿಗೆ ಅಡ್ಡಡ್ಡ ಓಡುತ್ತದೆ. ತಲೆ ಮೇಲೆ, ಮೂಗು ಗಾಳಿಯಲ್ಲಿ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷ ಇದ್ದರೆ ಇಂಥ ನಾಯಿಗೆ 20 ಕೋಟಿಗೂ ಹೆಚ್ಚು ಎಂದು ಅಂದಾಜು. ವಾಸನೆಯ ಎಳೆ ಸಿಕ್ಕ ಕಡೆ ಗಕ್ಕನೆ ತಿರುಗುತ್ತದೆ, ನಿಧಾನವಾಗುತ್ತದೆ, ನಿಲ್ಲುತ್ತದೆ.

ನಮ್ಮ ಮುಧೋಳ ನಾಯಿಯನ್ನು ಇದರ ಪಕ್ಕ ನಿಲ್ಲಿಸಿ ನೋಡಿ. ಮುಧೋಳಕ್ಕೆ ಹಿಗ್ಗಿರುವ ಕೊಂಡಿ ಅಟ್ಟಿಸಿಕೊಂಡು ಹೋಗುವುದು. ಬಯಲಲ್ಲಿ ಮೊಲ ಕಂಡರೆ ಸಾಕು, ಕಣ್ಣಿನಿಂದಲೇ ಹಿಂಬಾಲಿಸಿ ಹಿಡಿಯುತ್ತದೆ. ಅದಕ್ಕೇ ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು, ಮೈಗಂಟಿದ ಕೂದಲು. ಒಂದು ಬಯಲಿನ ನಾಯಿ, ಇನ್ನೊಂದು ಪೊದೆಯ ನಾಯಿ. ಎರಡಕ್ಕೂ ಬೇಟೆ ನಾಯಿ ಅಂತಲೇ ಅನ್ನುತ್ತೇವೆ, ಸಾಕುವ ರೀತಿ ಮಾತ್ರ ಒಂದೇ ಅಲ್ಲ.

ಸ್ವಭಾವ

ಬ್ರಿಟನಿ ಮನುಷ್ಯರಿಗೆ ಅಂಟಿಕೊಳ್ಳುವ ನಾಯಿ. ಬೇಟೆಯಲ್ಲಿ ಆಗಾಗ ತಿರುಗಿ ಯಜಮಾನನ ಮುಖ ನೋಡುವ ನಾಯಿಯೇ ಬೇಕಿತ್ತು, ಅಂಥದ್ದನ್ನೇ ಆರಿಸಿದರು. ಮನೆಯಲ್ಲಿ ಅದೇ ಗುಣ ಬೇರೆ ರೂಪ ತಾಳುತ್ತದೆ. ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಬಚ್ಚಲಿಗೆ ಹೋದರೆ ಬಚ್ಚಲ ಬಾಗಿಲಿಗೆ ಹಿಂದೆ ಹಿಂದೆ ಬರುತ್ತದೆ. ಮಕ್ಕಳ ಜೊತೆ ಚೆನ್ನಾಗಿರುತ್ತದೆ. ತುಂಬು ಮನೆ ಇಷ್ಟ. ಹಿತ್ತಲಲ್ಲಿ ಸರಪಳಿ ಹಾಕಿ ಬಿಟ್ಟರೆ ದಿನವಿಡೀ ಊಳಿಡುತ್ತದೆ, ನೆಲ ತೋಡುತ್ತದೆ, ಸಿಕ್ಕಿದ್ದೆಲ್ಲ ಕಡಿಯುತ್ತದೆ. ಆಗ ನಾಯಿಗೆ ಹುಚ್ಚು ಅಂತೀವಿ. ಅದಕ್ಕೆ ಬೇಸರ, ಅಷ್ಟೇ.

ಮನಸ್ಸು ಭಾಳ ಮೆದು. ಗದರಿದರೆ ಮುದುಡಿಕೊಳ್ಳುತ್ತದೆ. ಮರಿಗಳು ಖುಷಿಗೂ ಹೆದರಿಕೆಗೂ ನಿಂತಲ್ಲೇ ಉಚ್ಚೆ ಹೊಯ್ಯುವುದು ಈ ತಳಿಯಲ್ಲಿ ಸಾಮಾನ್ಯ. ಅದಕ್ಕೆ ಹೊಡೆದರೆ ಇನ್ನೂ ಹೆಚ್ಚಾಗುತ್ತದೆ. "ನಾಯಿಗೆ ಬೆತ್ತದ ಭಯ ಇರಬೇಕು" ಅನ್ನುವವರಿಗೆ ಇದು ಹೊಂದುವುದಿಲ್ಲ. ತಿಂಡಿ ಕೊಟ್ಟು, ಮೆಚ್ಚುಗೆಯ ಮಾತಾಡಿ, ಚಿಕ್ಕ ಚಿಕ್ಕ ಪಾಠ ಮಾಡಿದರೆ ಬೇಗ ಕಲಿಯುತ್ತದೆ.

ಇನ್ನೊಂದು ಮಾತು. ಕಾವಲಿಗೆ ಇದು ಪ್ರಯೋಜನವಿಲ್ಲ. ಗೇಟಿನ ಹತ್ತಿರ ಯಾರಾದರೂ ಬಂದರೆ ಬೊಗಳುತ್ತದೆ, ಬಂದವರು ಮಾತಾಡಿಸಿದರೆ ಮೈಯೆಲ್ಲ ಕುಣಿಸುತ್ತದೆ. ತೋಟದ ಮನೆ ಕಾಯಲು ನಾಯಿ ಬೇಕಾದವರು ಬೇರೆ ನೋಡಿಕೊಳ್ಳುವುದು ಒಳ್ಳೆಯದು.

ಬಿಸಿಲು

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬೀದರ್ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವುದರಿಂದ ತುಸು ತಂಪು, ಅಷ್ಟೇ. ಇಲ್ಲಿ ಬ್ರಿಟನಿ ಬದುಕುತ್ತದೆಯೇ? ಬದುಕುತ್ತದೆ. ಆದರೆ ಬದುಕುವುದು ಬೇರೆ, ಓಡುವುದು ಬೇರೆ. ಈ ನಾಯಿಗೆ ಓಡದೇ ಇರಲು ಬರುವುದಿಲ್ಲ ಅನ್ನುವುದೇ ತೊಂದರೆ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ. ಅಂಗಾಲಲ್ಲಿ ಸ್ವಲ್ಪ ಬೆವರುತ್ತದೆ. ಮಿಕ್ಕಿದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿಯ ತೇವ ಆರಿಸಿ ತಣಿಯಬೇಕು. ನಮ್ಮದು ಒಣ ಬಿಸಿಲು, ಹಾಗಾಗಿ ತೇವ ಬೇಗ ಆರುತ್ತದೆ. ಅದು ಒಳ್ಳೆಯದೇ, ಆದರೆ ಮೈಯ ನೀರೂ ಬೇಗ ಖಾಲಿಯಾಗುತ್ತದೆ. ಜೊತೆಗೆ, ಬಾಯಿಯಲ್ಲಿ ಏದುಸಿರು ಬಿಡುವಾಗ ಮೂಗು ಸರಿಯಾಗಿ ಕೆಲಸ ಮಾಡುವುದಿಲ್ಲ. ಒಣ ಕಾದ ನೆಲದ ಮೇಲೆ ವಾಸನೆಯೂ ನಿಲ್ಲುವುದಿಲ್ಲ. ಮಧ್ಯಾಹ್ನ ಹೊರಗೆ ಬಿಟ್ಟರೆ ನಾಯಿಯ ಮೈಗೂ ಕಷ್ಟ, ಮೂಗಿಗೂ ಕೆಲಸವಿಲ್ಲ.

ಇನ್ನೊಂದು ಅಪಾಯ ಇದರ ಹುಮ್ಮಸ್ಸು. ನಮ್ಮ ಓಣಿಯ ನಾಯಿಗಳು ಹತ್ತು ಗಂಟೆಗೇ ಚರಂಡಿ ಪಕ್ಕದ ನೆರಳು ಹಿಡಿಯುತ್ತವೆ. ಬ್ರಿಟನಿಗೆ ಆ ಜಾಣತನ ಕಡಿಮೆ. ಆಟ ನಡೆದಿದೆ ಅಂದರೆ ಬೀಳುವ ತನಕ ಓಡುತ್ತದೆ. ನಿಲ್ಲಿಸಬೇಕಾದವರು ನೀವು.

ಹಾಗಾದರೆ ಯಾವಾಗ ಓಡಿಸುವುದು? ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲು. ಬೆಳಿಗ್ಗೆ ಏಳರ ಒಳಗೆ ಮನೆಗೆ ಬಂದಿರಬೇಕು. ಸಂಜೆ ಗಾಳಿ ತಣ್ಣಗಾದರೂ ಡಾಂಬರು ರಸ್ತೆ ತಣ್ಣಗಾಗಿರುವುದಿಲ್ಲ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಅಂಗಾಲಿಗೂ ಆಗುವುದಿಲ್ಲ. ಹಗಲಲ್ಲಿ ಮನೆಯೊಳಗೆ ಇರಲಿ. ಶಹಾಬಾದ್ ಕಲ್ಲಿನ ನೆಲದ ಹಳೇ ಮನೆ ಇದ್ದರೆ ನಾಯಿಗೆ ಅದಕ್ಕಿಂತ ಒಳ್ಳೇ ಹಾಸಿಗೆ ಇಲ್ಲ. ಅದೇ ಕಲ್ಲು ಮಾಳಿಗೆಯ ಮೇಲೆ ಇದ್ದರೆ ಕಾದ ಹಂಚು, ಅಲ್ಲಿಗೆ ಬಿಡಬೇಡಿ. ಏಸಿ ಬೇಕೇ ಬೇಕು ಅಂತಿಲ್ಲ. ನಮ್ಮ ಒಣ ಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಸಿಲಿಗೆ ಅಂತ ಕೂದಲು ಬೋಳಿಸುವವರಿದ್ದಾರೆ. ಬೇಡ. ಬಿಳಿ ಕೂದಲಿನ ಕೆಳಗೆ ಗುಲಾಬಿ ಚರ್ಮ ಇರುತ್ತದೆ, ಅದು ಸುಡುತ್ತದೆ. ಕಾಲಿನ ಜಾಲರಿ ಮಾತ್ರ ಟ್ರಿಮ್ ಮಾಡಿ.

ನಾಯಿಯ ಮೈ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41 ದಾಟಿದರೆ ಜೀವಕ್ಕೆ ಅಪಾಯ. ವಸಡು ಕಡುಕೆಂಪಾಗುವುದು, ಅಂಟು ಜೊಲ್ಲು, ತೂರಾಡುವುದು, ವಾಂತಿ ಕಂಡರೆ ಡಾಕ್ಟರಿಗೆ ಫೋನ್ ಮಾಡುತ್ತಲೇ ತಂಪು ಮಾಡಲು ಶುರು ಮಾಡಿ. ನೆರಳಿಗೆ ತಂದು ಮೈಗೆಲ್ಲ ತಣ್ಣೀರು ಸುರಿಯಿರಿ, ಫ್ಯಾನ್ ಹಚ್ಚಿ, ಆಮೇಲೆ ಕರೆದೊಯ್ಯಿರಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಶಾಖ ಒಳಗೇ ಉಳಿಯುತ್ತದೆ.

ನವೆಂಬರಿನಿಂದ ಫೆಬ್ರುವರಿ ಈ ನಾಯಿಯ ಕಾಲ. ಬೆಳಗಿನ ಇಬ್ಬನಿಯಲ್ಲಿ ವಾಸನೆ ನೆಲಕ್ಕೆ ಹತ್ತಿರ ನಿಂತಿರುತ್ತದೆ, ಮೈಯೂ ಬೇಗ ಕಾಯುವುದಿಲ್ಲ. ದೊಡ್ಡ ನಾಯಿಗೆ ದಿನಕ್ಕೆ ಒಂದು ಗಂಟೆಯಾದರೂ ಬಿಟ್ಟು ಓಡಿಸಬೇಕು. ಬೆಲ್ಟ್ ಹಾಕಿ ಕಾಲೊನಿ ಒಂದು ಸುತ್ತು ಹಾಕಿಸಿದರೆ ಇದಕ್ಕೆ ಲೆಕ್ಕಕ್ಕೇ ಇಲ್ಲ.

ಹೊಲಕ್ಕೆ ಬಿಡುವ ಮೊದಲು

ಇಲ್ಲಿ ಕಾನೂನು ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗೌಜುಗ, ಲಾವಕ್ಕಿ, ಮೊಲಕ್ಕೂ ಅನ್ವಯಿಸುತ್ತದೆ. ಗುಂಡು ಹಾರಿಸಿದರೆ ಮಾತ್ರ ಬೇಟೆ ಅಂತ ತಿಳಿದವರು ಜಾಸ್ತಿ. ಆ ಕಾಯ್ದೆಯಲ್ಲಿ ಕಾಡುಪ್ರಾಣಿಯನ್ನು ಅಟ್ಟುವುದು, ಓಡಿಸುವುದೂ ಬೇಟೆಯೇ. ಬೀದರ್, ಯಾದಗಿರಿ ಕಡೆ ಹೊಲಗಳಲ್ಲಿ ಕೃಷ್ಣಮೃಗ ಅಡ್ಡಾಡುತ್ತವೆ, ನವಿಲಂತೂ ಎಲ್ಲ ಕಡೆ. ಸುರಪುರದ ಹತ್ತಿರದ ಬೋನಾಳ ಕೆರೆ, ಚಿಂಚೋಳಿಯ ಕಾಡು, ಇಂಥ ಜಾಗಗಳಿಗೆ ಈ ನಾಯಿಯನ್ನು ಬಿಚ್ಚಿ ಬಿಡುವ ಯೋಚನೆಯೇ ಬೇಡ.

ಅಂದರೆ ಹುಟ್ಟಿದ ಕೆಲಸವನ್ನು ಇಲ್ಲಿ ಮಾಡಿಸುವಂತಿಲ್ಲ. ಬದಲಿ ಕೆಲಸ ಕೊಡಬೇಕು. ಒಂದು ಬಟ್ಟೆಯ ಗಂಟಿಗೆ ಕೋಳಿ ಪುಕ್ಕ ಕಟ್ಟಿ, ಗಾಳಿ ನೋಡಿ ಬೇಲಿಯ ಮೂಲೆಯಲ್ಲಿ ಬಚ್ಚಿಡಿ. ಹುಡುಕಲಿ, ನಿಲ್ಲಲಿ, ನೀವು ಹೇಳಿದ ಮೇಲೆ ತರಲಿ. ದಿನಾ ಜಾಗ ಬದಲಿಸಿ. ಮೂಗಿಗೆ ಕೆಲಸ ಕೊಟ್ಟ ನಾಯಿ ಬರೀ ಓಡಿದ ನಾಯಿಗಿಂತ ಬೇಗ ದಣಿಯುತ್ತದೆ. ಮೇ ತಿಂಗಳಲ್ಲಿ ಇದೇ ಆಟವನ್ನು ಮನೆಯೊಳಗೆ ಆಡಿಸಬಹುದು, ಕೌದಿಯ ಮಡಿಕೆಯಲ್ಲಿ ತಿಂಡಿ ಬಚ್ಚಿಟ್ಟರೂ ಆಯಿತು.

ಸ್ವಂತ ಹೊಲ ಇದ್ದವರಿಗೆ ಇದು ಸುಲಭ ಅನಿಸಬಹುದು. ಆದರೆ ತೊಗರಿ ಕೊಯ್ದ ಹೊಲ ನೋಡಿದ್ದೀರಲ್ಲ? ಓರೆಯಾಗಿ ಕತ್ತರಿಸಿದ ಆ ಕೂಳೆ ಟೈರಿಗೇ ಚುಚ್ಚುತ್ತದೆ, ನಾಯಿಯ ಎದೆ-ಕಾಲು ಬಿಡುತ್ತದೆಯೇ? ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಓಡುವ ಕಾಲು ಒಳಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದೇ ಎರೆ ಬೆರಳ ಸಂದಿಯಲ್ಲಿ ಮುದ್ದೆ ಕಟ್ಟಿ ಒಣಗಿ ಕಲ್ಲಾಗುತ್ತದೆ. ಕೃಷಿ ಹೊಂಡ ಇನ್ನೂ ಅಪಾಯ. ಬ್ರಿಟನಿಗೆ ನೀರು ಕಂಡರೆ ಇಷ್ಟ, ಚೆನ್ನಾಗಿ ಈಜುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಇಳಿದರೆ ಮಾತ್ರ ಜಾರುವ ಗೋಡೆ ಹತ್ತಲಾಗದೆ ದಣಿದು ಮುಳುಗುತ್ತದೆ. ಸುತ್ತ ಬೇಲಿ ಹಾಕಿ, ಇಲ್ಲವೇ ಹಗ್ಗದ ಏಣಿಯೊಂದನ್ನು ಇಳಿಬಿಡಿ.

ಓಡಿ ಬಂದ ಮೇಲೆ ಕಿವಿ, ಬೆರಳ ಸಂದಿ, ಕಂಕುಳು ನೋಡಲೇಬೇಕು. ಉತ್ತರಾಣಿ, ನೆಗ್ಗಿಲ ಮುಳ್ಳು ಕೈಗೆ ಸಿಗುತ್ತವೆ. ಹುಲ್ಲಿನ ಚೂಪು ಊಬು ಸಿಗುವುದಿಲ್ಲ. ಅದು ಚರ್ಮದೊಳಗೆ ಹೊಕ್ಕು ಮುಂದೆ ಮುಂದೆ ಸರಿಯುತ್ತಾ ಕೀವು ಮಾಡುತ್ತದೆ. ರಕ್ತ ಹೀರುವ ಉಣ್ಣೆ ಹುಳ ನಮ್ಮ ಕಡೆ ಕಡಿಮೆಯೇನಿಲ್ಲ, ಉಣ್ಣೆಯಿಂದ ಬರುವ ಜ್ವರ ನಾಯಿಯನ್ನು ಕೊಲ್ಲಬಹುದು. ಊಟ ಬಿಟ್ಟು ಮಂಕಾಗಿ ಮಲಗಿದರೆ ರಕ್ತ ಪರೀಕ್ಷೆ ಮಾಡಿಸಿ. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ನಮ್ಮ ಭಾಗದ ಅದೃಷ್ಟ. ಮುಧೋಳ ನಾಯಿಯ ಮೇಲೆ ಕೆಲಸ ಮಾಡುವ ತಿಮ್ಮಾಪುರದ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು.

ಊಟಕ್ಕೆ ಬರೀ ಜೋಳದ ರೊಟ್ಟಿ-ಹಾಲು ಹಾಕಿದರೆ ಇಷ್ಟು ಓಡುವ ನಾಯಿಗೆ ಸಾಲದು. ಮಾಂಸ, ಮೊಟ್ಟೆ, ಇಲ್ಲವೇ ಒಳ್ಳೇ ನಾಯಿ ಆಹಾರ ಬೇಕು. ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತುಂಡು ಹಾಕಬೇಡಿ, ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಉಳ್ಳಾಗಡ್ಡಿಯೂ ಬೇಡ. ಹಬ್ಬದ ಗೋದಿ ಹುಗ್ಗಿಯಲ್ಲಿ ಒಣದ್ರಾಕ್ಷಿ ಇರುತ್ತದೆ, ಅದು ನಾಯಿಯ ಕಿಡ್ನಿಗೆ ವಿಷ.

ತರುವುದಾದರೆ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕಲಬುರಗಿ ಸಿಟಿಯ ಎರಡು ರೂಮಿನ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು: ಬೇಡ. ನಸುಕಿನಲ್ಲಿ ಏಳುವ ರೂಢಿ ಇದೆ, ಬೇಲಿ ಹಾಕಿದ ಜಾಗ ಇದೆ, ಹಗಲು ಮನೆಯಲ್ಲಿ ಯಾರಾದರೂ ಇರುತ್ತಾರೆ: ಯೋಚಿಸಬಹುದು. 12ರಿಂದ 14 ವರ್ಷ ಬದುಕುವ ನಾಯಿ ಇದು. ಈಗ ಐದನೇ ಕ್ಲಾಸಿನಲ್ಲಿರುವ ಮಗ ಹಟ ಮಾಡಿ ತರಿಸಿದರೆ, ಅವನು ಓದಲು ಬೆಂಗಳೂರಿಗೆ ಹೋದ ಮೇಲೂ ನಾಯಿ ನಿಮ್ಮ ಮನೆಯಲ್ಲೇ ಇರುತ್ತದೆ. ನಸುಕಿಗೆ ಏಳಬೇಕಾದವರು ಆಗ ನೀವೇ.

ಭಾರತದಲ್ಲಿ ಬ್ರಿಟನಿ ಅಪರೂಪ. ಬಿಳಿ-ಕಿತ್ತಳೆ ಬಣ್ಣದ ಕಾಕರ್ ಸ್ಪ್ಯಾನಿಯಲ್ ಎಂಬ ಬೇರೆ ತಳಿಯ ಬೆರಕೆಯನ್ನೇ ಬ್ರಿಟನಿ ಅಂತ ಮಾರಬಹುದು. ಕಾಕರ್ ಕಿವಿ ಉದ್ದ, ಕೆಳಗಿನಿಂದ ಜೋತಾಡುತ್ತದೆ, ಕಾಲು ಗಿಡ್ಡ. ಮರಿಯಲ್ಲಿ ಈ ವ್ಯತ್ಯಾಸ ಕಾಣುವುದು ಕಷ್ಟ, ಹಾಗಾಗಿ ತಾಯಿಯನ್ನು ತೋರಿಸಿ ಅನ್ನಿ. ಕೆನಲ್ ಕ್ಲಬ್ ನೋಂದಣಿ, ಮೈಕ್ರೋಚಿಪ್ ಕೇಳಿ. ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಿ, ಯಾಕೆಂದರೆ ಸೊಂಟದ ಕೀಲು ಸಡಿಲವಾಗುವ ತೊಂದರೆ ಈ ತಳಿಯಲ್ಲಿದೆ. ವಂಶದಲ್ಲಿ ಫಿಟ್ಸ್ ಇತ್ತೇ ಅಂತಲೂ ವಿಚಾರಿಸಿ. ವಿದೇಶದಿಂದಲೇ ತರಿಸುವುದಾದರೆ ರೇಬೀಸ್ ಲಸಿಕೆಯ ದಾಖಲೆ, ಅಲ್ಲಿನ ಸರ್ಕಾರಿ ಪಶುವೈದ್ಯರ ಆರೋಗ್ಯ ಪತ್ರ, ನಮ್ಮ ಕ್ವಾರಂಟೈನ್ ಅಧಿಕಾರಿಗಳ ಅನುಮತಿ ಎಲ್ಲ ಬೇಕು. ಮರಿಯನ್ನು ದಸರಾ-ದೀಪಾವಳಿ ಹೊತ್ತಿಗೆ ಮನೆಗೆ ತನ್ನಿ. ಮೊದಲ ಲಸಿಕೆಗಳು ಮುಗಿದು, ಕರೆದರೆ ಬರುವುದನ್ನು ಕಲಿಯಲು ಚಳಿಗಾಲ ಪೂರ್ತಿ ಸಿಗುತ್ತದೆ. ಮಾರ್ಚಿನಲ್ಲಿ ತಂದರೆ ಮರಿ ಕಲಿಯಬೇಕಾದ ತಿಂಗಳುಗಳೆಲ್ಲ ಕೂಲರ್ ಮುಂದೆಯೇ ಕಳೆದುಹೋಗುತ್ತವೆ.